ಅರ್ಧ ಹೆಜ್ಜೆಯ ಹಾಲ್ವರ್

ಗಿರಣಿ ಮಡುವಿನ ಬೆಂಚಿನ ಹಿಂದೆ, ಪೊದೆಯೊಳಗೆ, ಮೀಟರ್ ಉದ್ದದ ಹೆಣ್ಣು ಸಾಲ್ಮನ್ ಸತ್ತು ಬಿದ್ದಿತ್ತು. ಮೊದಲು ಕಂಡವನು ಸ್ಟೈನಾರ್. ಮೀನಿನ ದವಡೆಯಲ್ಲಿ ಗಾಳಕ್ಕೆ ಪುಕ್ಕ ಸುತ್ತಿ ಕಟ್ಟಿದ, ಹಳದಿ ರೆಕ್ಕೆಯ ಹುಸಿ ನೊಣ. ಅಂಥದ್ದನ್ನು ಕಟ್ಟುವವನು ನಮ್ಮ ಹೊಳೆಯಲ್ಲಿ ಒಬ್ಬನೇ, ಎಂಬತ್ತೊಂದು ವರ್ಷದ ಹಾಲ್ವರ್.

ಮೊಟ್ಟೆ ಹೊತ್ತ ಹೆಣ್ಣು ಮೀನನ್ನು ಕೊಂದವನು ಮತ್ತೆಂದೂ ಇಲ್ಲಿ ನೀರಿಗಿಳಿಯುವಂತಿಲ್ಲ. ಈ ವರ್ಷವಷ್ಟೇ ಬಂದ ಕಾವಲುಗಾರ ಪರವಾನಗಿಗೆ ಕೈಚಾಚಿದ. ಮುದುಕ ಜೇಬು ತಡಕಿದ.

"ಕೊಟ್ಬಿಡಜ್ಜ," ಎಂದ ಸ್ಟೈನಾರ್. "ನಮಗೂ ಒಂಚೂರು ಬೇಗ ಸರದಿ ಬರ್ಲಿ."

ಸುಳ್ಳೇಕೆ, ನನಗೂ ಒಳಗೊಳಗೇ ಹಾಗನ್ನಿಸಿತು. ಮಡು ಒಂದು, ನಾವು ಒಂಬತ್ತು ಜನ. ಒಬ್ಬನೇ ಇಳಿಯಬೇಕು, ಒಂದು ಸಲ ಗಾಳ ಎಸೆದು ಒಂದು ಹೆಜ್ಜೆ ಕೆಳಗೆ, ಮತ್ತೆ ಎಸೆದು ಮತ್ತೊಂದು ಹೆಜ್ಜೆ. ಹಾಲ್ವರ್ ಇಡುವುದು ಅರ್ಧ ಹೆಜ್ಜೆ, ಕಾಯುವವರಿಗೆ ಎರಡರಷ್ಟು ಹೊತ್ತು. ಹನ್ನೊಂದು ದಿನದಿಂದ ನನ್ನ ಗಾಳವನ್ನು ಒಂದು ಮೀನೂ ಮೂಸಿ ನೋಡಿರಲಿಲ್ಲ. ಆ ಬೆಳಿಗ್ಗೆ ಕಂಡ ಪುಣ್ಯವೆಂದರೆ, ಈ ಮೀನು ಸಿಗುವ ಮೊದಲು ಸ್ಟೈನಾರ್ ನನಗೆ ಹೇಳಿದ ಮಾತೊಂದೇ: "ನನ್ನ ಸರದಿ ನೀನೇ ತಗೋ ಓಡ್‌ವಾರ್, ನಾನು ಮೇಲ್ಗಡೆ ಹೋಗಿ ಕಾಫಿ ಕಾಸ್ಕೊಂಡು ಬರ್ತೀನಿ."

ಗುನ್‌ವೋರ್‌ಳನ್ನು ಕರೆತಂದವನು ನಾನೇ, ಬರುವಾಗ ಬೆಳಗಿನದೆಲ್ಲ ಹೇಳಿದೆ. ಮಡುವಿನ ಪಕ್ಕದ ಗುಡಿಸಲಲ್ಲೇ ವಾಸ, ಮೂವತ್ತು ವರ್ಷದಿಂದ ನಮ್ಮ ಮೀನು ತೂಗುವವಳು. ಅವಳು ಬಿಡಿಸಿದ ಒಗಟುಗಳನ್ನೆಲ್ಲ ಪಕ್ಕದಲ್ಲಿ ಕೂತು ನೋಡಿದವನು ನಾನು. ಅವಳು ಮೀನನ್ನು ಬಾಗಿಸಿದಳು, ಕಿವಿರು ಎತ್ತಿದಳು, ಕುತ್ತಿಗೆಯ ಸುತ್ತ ಬೆರಳಾಡಿಸಿದಳು. ಆಮೇಲೆ ಎಲ್ಲರನ್ನೂ ಗುಡಿಸಲಿಗೆ ಕರೆದಳು.

"ಟೋಪಿ ತೆಗೆದು ಮೇಜಿನ ಮೇಲಿಡಿ."

ಜೂನ್ ಬಂತೆಂದರೆ ಹಾಲ್ವರ್ ನಮಗೆಲ್ಲ ತಾನು ಕಟ್ಟಿದ ಒಂದೊಂದು ಹಳದಿ ನೊಣ ಕೊಡುತ್ತಾನೆ. ಅದಕ್ಕೆ ಮೀನು ಬೀಳುವುದಿಲ್ಲ, ಬಿಸಾಡಿದರೆ ಮುದುಕನಿಗೆ ನೋವು. ಹಾಗಾಗಿ ಟೋಪಿಗೆ ಸಿಕ್ಕಿಸಿಕೊಂಡಿರುತ್ತೇವೆ. ಹಾಲ್ವರ್‌ನದು ಬಿಟ್ಟು ಎಂಟು ಟೋಪಿಗಳಲ್ಲಿ ಏಳು ನೊಣ ಇದ್ದವು.

"ಗಾಳೀಲಿ ಎಲ್ಲೋ ಬಿದ್ದಿರ್ಬೇಕು," ಎಂದ ಸ್ಟೈನಾರ್.

"ಇರ್ಲಿ. ಕಿವಿರಲ್ಲಿ ರಕ್ತ ಇನ್ನೂ ಕೆಂಪಗಿದೆ, ಮೈ ಬಾಗುತ್ತೆ. ಸತ್ತು ಎರಡು ಗಂಟೆನೂ ಆಗಿಲ್ಲ. ಅಷ್ಟೊತ್ತೂ ನೀವೆಲ್ಲ ಮಡುನೇ ನೋಡ್ತಾ ಕೂತಿದ್ರಿ. ಅಜ್ಜನ ಗಾಳದ ಕೋಲು ಬಾಗಿದ್ದು ಯಾರಾದ್ರೂ ಕಂಡ್ರಾ?"

ಇಲ್ಲವೆಂದು ತಲೆಯಾಡಿಸಿದೆವು.

"ಕುತ್ತಿಗೆ ಸುತ್ತ ಬಲೆ ದಾರದ ಗುರುತಿದೆ. ಸತ್ತಮೇಲೆ ಸಿಕ್ಕಿಸಿದ ನೊಣ ಅದು. ಹೊತ್ತು ತಂದವನು ನಿಮ್ಮ ಬೆನ್ನ ಹಿಂದೇನೇ ಬಂದ. ಇನ್ನೊಂದು ಮಾತು. ನಾಲ್ಕು ಗಂಟೆ ಕಾದು ಸರದಿ ಬಿಟ್ಟುಕೊಡೋ ಮನುಷ್ಯನ್ನ ಈ ಹೊಳೇಲಿ ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ." ಅವಳು ಕಾವಲುಗಾರನತ್ತ ತಿರುಗಿದಳು. "ಸ್ಟೈನಾರ್‌ನ ಕಾಫಿ ಚೀಲ ಬಿಚ್ಚಪ್ಪ."

ಕೆಟಲ್ ಒಣಗಿತ್ತು. ಅದರ ಕೆಳಗೆ ಒದ್ದೆ ಬಲೆ.

ಸ್ಟೈನಾರ್ ಬೆಂಚಿನ ಮೇಲೆ ಕುಸಿದ. "ಹದಿನಾಲ್ಕು ವರ್ಷ," ಎಂದ. "ಹದಿನಾಲ್ಕು ವರ್ಷದಿಂದ ಆ ಅರ್ಧ ಹೆಜ್ಜೆ ನೋಡ್ತಾ ಕೂತಿದ್ದೀನಿ. ತಲೆ ಕೆಟ್ಟೋಯ್ತು."

"ಮಂಡಿ ನೋವು ಕಣೋ," ಎಂದ ಹಾಲ್ವರ್. "ಬೇಕಂತ ಮಾಡ್ತೀನಿ ಅಂದ್ಕೊಂಡಿದ್ರಾ? ಒಂದ್ ಮಾತು ಕೇಳಿದ್ರೆ ಹೇಳ್ತಿದ್ನಲ್ಲ."

ಗುನ್‌ವೋರ್ ಸ್ಟೈನಾರ್‌ನನ್ನು ನೋಡಲಿಲ್ಲ, ನಮ್ಮನ್ನು ನೋಡಿದಳು. "ಎಲ್ಲರ ತಲೆ ಮೇಲೂ ಅಜ್ಜನ ನೊಣ ಇತ್ತು. ಕಾವಲುಗಾರನಿಗೆ ಒಬ್ಬರಾದ್ರೂ ಬಾಯಿಬಿಡಬಾರ್ದಿತ್ತಾ?"

ಸ್ಟೈನಾರ್‌ನ ಕೋಲನ್ನು ಸರದಿಯ ಸಾಲಿನಿಂದ ತೆಗೆದರು. ಮುಂದಿನ ಸರದಿ ಹಾಲ್ವರ್‌ನದು. ಅವನು ನೀರಿಗಿಳಿದ, ಎಸೆದ, ಅರ್ಧ ಹೆಜ್ಜೆ ಇಟ್ಟ. ನಾವು ಏಳು ಜನ ಟೋಪಿ ಸರಿಮಾಡಿಕೊಂಡು ಕೂತೆವು. ನನ್ನ ಸರದಿಗೆ ಇನ್ನೂ ಮೂರೂವರೆ ಗಂಟೆ ಇತ್ತು.