ದನ ಮುಟ್ಟದ ಗಿಡ

ಕೆಂಪಿ ಏಳಲೇ ಇಲ್ಲ. ಅರ್ಪಿತ ಕೊರಳ ಹಗ್ಗ ಬಿಚ್ಚಿದಳು, ಕಿವಿಯ ಹಿಂದೆ ಕೆರೆದಳು, "ಏಳಮ್ಮೀ, ನಂಗೆ ಸ್ಕೂಲಿಗೆ ಲೇಟಾಯ್ತದೆ" ಎಂದಳು. ದಿನಾ ಬೆಳಿಗ್ಗೆ ಅವಳ ಯೂನಿಫಾರಂ ನೆಕ್ಕಿ ಬೈಸಿಕೊಳ್ಳುತ್ತಿದ್ದ ಕಡಸು ಇವತ್ತು ಕತ್ತು ಚಾಚಿ ಮಲಗಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕಿವಿ ಮುಟ್ಟಿದರೆ ತಣ್ಣಗೆ.

ಡೇರಿಗೆ ಹಾಲು ಹಾಕಿ ಬಂದ ಅಪ್ಪ ಚಲುವರಾಜು ಕ್ಯಾನನ್ನು ಅಲ್ಲೇ ಬಿಟ್ಟು ದನದ ಡಾಕ್ಟರಿಗೆ ಫೋನು ಮಾಡಿದ.

ಕೆಂಪಿ ಅಂದರೆ ಮನೆಮಂದಿಗೆಲ್ಲ ಅರ್ಪಿತಳ ಕರು. ಹುಟ್ಟಿದಾಗ ತಾಯಿ ಗೌರಿಯ ಮೊಲೆಗೆ ಬಾಯಿ ಹಾಕಲೂ ಬಾರದಿದ್ದ ಕರುವಿಗೆ, ಹಾಲಲ್ಲಿ ಅದ್ದಿದ ಬೆರಳು ಚೀಪಿಸಿ ಕುಡಿಯುವುದು ಕಲಿಸಿದವಳು ಅವಳೇ. ಬರುವ ವರ್ಷ ಕೆಂಪಿಯೇ ಕರು ಹಾಕುತ್ತದೆ ಎಂದು ಕ್ಲಾಸಿನಲ್ಲೆಲ್ಲ ಸಾರಿ ಇಟ್ಟಿದ್ದಳು.

ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪು ಇಟ್ಟು ತುಂಬಾ ಹೊತ್ತು ಕೇಳಿದರು. ಆಮೇಲೆ ಗೋದಲಿಯಲ್ಲಿ ಉಳಿದಿದ್ದ ಮೇವಿಗೆ ಕೈ ಹಾಕಿ, ಕೆದಕಿ, ಕೆಲವು ಚೂರುಗಳನ್ನು ಆರಿಸಿ ಅಂಗೈಮೇಲೆ ಇಟ್ಟುಕೊಂಡರು. ಹುಲ್ಲಿನ ಚೂರಲ್ಲ. ದಪ್ಪ ಎಲೆ, ನಡುವೆ ಒಂದೇ ಒಂದು ಬಿಳಿ ನರ.

ಅವರು ತಲೆಯೆತ್ತಿ ಮನೆಯ ಮುಂಭಾಗ ನೋಡಿದರು. ಎಲ್ಲರೂ ನೋಡಿದರು. ಕಾಂಪೌಂಡಿನ ಉದ್ದಕ್ಕೂ ಕಣಗಲೆ ಗಿಡಗಳು ಮೈತುಂಬ ಗುಲಾಬಿ ಹೂ ಬಿಟ್ಟುಕೊಂಡು ನಿಂತಿದ್ದವು.

ಅವನ್ನು ಆರಿಸಿದ್ದೂ ಅರ್ಪಿತಳೇ.

ಚಿನಕುರಳಿಯ ಅವರ ಮನೆ ಇರುವುದು ಕಲ್ಲುಕ್ವಾರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ. ಟಿಪ್ಪರ್ ಲಾರಿ ಹೋದಾಗಲೆಲ್ಲ ಮನೆಯೊಳಗೆ ಧೂಳು. ಒಗೆದು ಹರವಿದ ಬಟ್ಟೆಯಲ್ಲಿ ಧೂಳು, ಮುಚ್ಚಿಟ್ಟ ಅನ್ನದಲ್ಲೂ ಧೂಳು. ಅಜ್ಜಿ ದೊಡ್ಡತಾಯಮ್ಮ ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡು ಕೂರುತ್ತಿದ್ದಳು. ಧೂಳು ತಡೆಯಲು ಮುಂದೆ ಒತ್ತಾಗಿ ಗಿಡ ಹಾಕೋಣ ಎಂದು ಅಪ್ಪ ಹೋದ ವರ್ಷ ಮಗಳನ್ನು ಪಾಂಡವಪುರದ ರಸ್ತೆಯಲ್ಲಿರುವ ಮಂಚಯ್ಯನ ನರ್ಸರಿಗೆ ಕರೆದುಕೊಂಡು ಹೋಗಿದ್ದ.

ಮಂಚಯ್ಯ ದಾಸವಾಳ ತೋರಿಸಿದ, ಕ್ರೋಟನ್ ತೋರಿಸಿದ. ಅರ್ಪಿತಳಿಗೆ ನೆನಪಾದದ್ದು ಮೈಸೂರಿಗೆ ಹೋಗುವಾಗ ಹೈವೇ ನಡುವೆ ಕಂಡಿದ್ದ ಗಿಡ. ಅಷ್ಟು ಹೊಗೆಯಲ್ಲೂ ಹೂ ಬಿಟ್ಟಿತ್ತಲ್ಲ, ಅದು ಬೇಕು ಎಂದಳು.

"ಕಣಗಲೆಯಾ? ಧೂಳಾಗ್ಲಿ, ಬಿಸ್ಲಾಗ್ಲಿ, ಅದ್ಕೇನೂ ಆಗಾಕಿಲ್ಲ ಕಣವ್ವ. ವರ್ಸಪೂರ್ತಿ ಅಸ್ರು, ವರ್ಸಪೂರ್ತಿ ಊವು. ದನ ಮೂಸೂ ನೋಡಾಕಿಲ್ಲ."

ಕೊನೆಯ ಮಾತಿಗೆ ಅಪ್ಪ ಮಗಳು ಇಬ್ಬರೂ ತಲೆಯಾಡಿಸಿದರು. ದನ ಮೇಯದ ಗಿಡ ಅಂದರೆ ಬೇಲಿ ಉಳಿಯಿತು ಅಂತ ಲೆಕ್ಕ. ಕಣಗಲೆ ವಿಷ ಎನ್ನುವುದು ಯಾರಿಗೆ ಗೊತ್ತಿಲ್ಲ? ಅಜ್ಜಿಗೂ ಗೊತ್ತಿತ್ತು. ದನ ನಮಗಿಂತ ಬುದ್ಧಿವಂತವು, ಬಾಯಿ ಹಾಕುವುದಿಲ್ಲ ಬಿಡು ಎಂದಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಕೆಂಪಿ ಒಮ್ಮೆ ಆ ಗಿಡ ಮೂಸಿ, ಮೂಗರಳಿಸಿ ಬುಸ್ಸೆಂದು ಮುಖ ತಿರುಗಿಸಿತ್ತು.

ಗಿಡಗಳು ಅರ್ಪಿತಳಿಗಿಂತ ಎತ್ತರ ಬೆಳೆದವು. ಧೂಳೆಲ್ಲ ಎಲೆಯ ಮೇಲೆ ಕೂತು ಒಳಗೆ ಬರುವುದು ತಗ್ಗಿತು. ಅಜ್ಜಿಯ ಕೆಮ್ಮು ಕಡಿಮೆಯಾಯಿತು, ಪೂಜೆಗೆ ಬುಟ್ಟಿ ತುಂಬ ಹೂವೂ ಸಿಕ್ಕಿತು. "ನನ್ ಸೆಲೆಕ್ಷನ್ನು" ಎಂದು ಅರ್ಪಿತ ಬಂದವರಿಗೆಲ್ಲ ಹೇಳಿಕೊಂಡು ಬೀಗಿದಳು.

ಈ ಭಾನುವಾರ ಅಪ್ಪ ಗಿಡಗಳ ತಲೆ ಸವರಿ, ಕಡಿದ ಕೊಂಬೆಗಳನ್ನು ತಿಪ್ಪೆಗೆ ಹಾಕು ಎಂದು ಅವಳಿಗೆ ಹೇಳಿದ್ದ. ತಿಪ್ಪೆ ಇರುವುದು ಹಿತ್ತಲಿನ ಆಚೆ. ಗೆಳತಿ ರಮ್ಯ ಸೈಕಲ್ಲಿನ ಬೆಲ್ಲು ಹೊಡೆಯುತ್ತಾ ಗೇಟಲ್ಲಿ ನಿಂತಿದ್ದಳು. ಆಮೇಲೆ ಹಾಕಿದರಾಯಿತು ಎಂದು ಅರ್ಪಿತ ಕೊಂಬೆಗಳನ್ನು ಕೊಟ್ಟಿಗೆಯ ಗೋಡೆಗೆ, ಸೀಮೆಹುಲ್ಲಿನ ರಾಶಿಗೆ ಒತ್ತಿ ಇಟ್ಟು ಓಡಿದಳು. ಆಮೇಲೆ ಮರೆತೇಹೋಯಿತು.

ನೆನ್ನೆ ಸಂಜೆ, ಕರೆಂಟು ಹೋಗುವುದರೊಳಗೆ ಮೇವು ಕತ್ತರಿಸಿ ಮುಗಿಸಬೇಕೆಂಬ ಅವಸರದಲ್ಲಿ ಅಪ್ಪ ರಾಶಿಯಿಂದ ತೆಕ್ಕೆ ತೆಕ್ಕೆ ತಬ್ಬಿ ಮೆಷೀನಿಗೆ ಕೊಟ್ಟ. ಹುಲ್ಲು, ಕಣಗಲೆ ಎಲ್ಲವೂ ಸಣ್ಣಗೆ ಚೂರಾಗಿ ಬೆರೆತುಹೋಯಿತು. ಗಿಡವಾಗಿದ್ದರೆ ಕೆಂಪಿ ಮೂಸಿ ಬಿಡುತ್ತಿತ್ತು. ಬುಟ್ಟಿಯಲ್ಲಿ ಬಂದದ್ದನ್ನು ನಂಬಿ ತಿಂದಿತು. ಗೌರಿ ಗದ್ದೆಯಲ್ಲೇ ಹೊಟ್ಟೆ ತುಂಬ ಮೇದು ಬಂದಿದ್ದರಿಂದ ಉಳಿಯಿತು.

ಡಾಕ್ಟರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಅರ್ಪಿತ ಕೆಂಪಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಬಿಸಿಲೇರುವ ಹೊತ್ತಿಗೆ ಆ ತಲೆ ಭಾರವಾಯಿತು.

ಅಮ್ಮ ಶ್ವೇತ ಅವಳನ್ನು ಎಬ್ಬಿಸಲು ನೋಡಿದಳು. ಅವಳು ಏಳದೆ ಅಪ್ಪನ ಕಡೆ ತಿರುಗಿದಳು. "ತಿಪ್ಪೆಗಾಕು ಅಂದಿದ್ದೆ ನೀನು. ನಾನಾಕ್ನಿಲ್ಲ ಅಪ್ಪ."

ಚಲುವರಾಜು ಮೆಷೀನಿನ ಬಾಯನ್ನು ನೋಡುತ್ತಾ ನಿಂತಿದ್ದ. "ಮಿಸೀನಿಗೆ ಕೊಟ್ಟೋನು ನಾನು ಕಣ್ಮಗ," ಎಂದ. "ಕಣ್ಣು ಬುಟ್ಕಂಡೇ ಕೊಟ್ಟೆ."

ಆ ಮಾತಿನಿಂದ ಅರ್ಪಿತಳ ಸಂಕಟ ಒಂಚೂರೂ ಕಡಿಮೆಯಾಗಲಿಲ್ಲ. ಅಪ್ಪನಿಗೂ ಅಷ್ಟೇ ಸಂಕಟವಿದೆ ಎಂದು ಗೊತ್ತಾಯಿತು, ಅಷ್ಟೆ.

ಮಧ್ಯಾಹ್ನ ಹೊಲದ ಬದುವಿನಲ್ಲಿ ಗುಂಡಿ ತೋಡಿದರು. ಅಜ್ಜಿ ಕೆಂಪಿಯ ಹಣೆಗೆ ಅರಿಸಿನ ಕುಂಕುಮ ಇಟ್ಟಳು. ಹೂ ತರಲು ಅಭ್ಯಾಸಬಲದಿಂದ ಬುಟ್ಟಿ ಹಿಡಿದು ಕಣಗಲೆಯ ಹತ್ತಿರ ಹೋದವಳು, ಗಿಡಕ್ಕೆ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಬರಿ ಬುಟ್ಟಿಯೊಡನೆ ಬಂದಳು. ಕೆಂಪಿಯ ಮೇಲೆ ಉಪ್ಪು ಸುರಿದು ಮಣ್ಣು ಎಳೆದರು.

ಮಾರನೆ ದಿನವೇ ಅಪ್ಪ ಕಣಗಲೆಯನ್ನೆಲ್ಲ ಬುಡಸಮೇತ ಅಗೆದು ಹಾಕಿದ. ಸುಟ್ಟರೆ ಹೊಗೆಯೂ ವಿಷವಂತೆ, ಅದಕ್ಕೆ ಆಳವಾಗಿ ಹೂತ. ಟಿಪ್ಪರುಗಳ ಧೂಳು ಮತ್ತೆ ನೇರ ಒಳಗೆ ನುಗ್ಗಿತು. ಅಜ್ಜಿಯ ಕೆಮ್ಮೂ ಮರಳಿತು. ಅಜ್ಜಿ ಕೆಮ್ಮಿದಾಗಲೆಲ್ಲ ಅರ್ಪಿತ ಎದ್ದು ಹೊರಗೆ ಹೋಗುತ್ತಿದ್ದಳು. ಮನೆಯಲ್ಲಿ ಯಾರೂ ಅವಳನ್ನು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಮುಂದಿನ ಭಾನುವಾರ ಅಪ್ಪ ಮಗಳು ಮತ್ತೆ ನರ್ಸರಿಗೆ ಹೋದರು. ಮಂಚಯ್ಯನಿಗೆ ಸುದ್ದಿ ಮುಟ್ಟಿತ್ತು. ಅವನ ಮುಖವೂ ಬಾಡಿತ್ತು. ಒಂದೊಂದೇ ಗಿಡ ತೋರಿಸುತ್ತಾ ಬಂದ. ಅರ್ಪಿತ ಹೂವಿನ ಬಣ್ಣ ಕೇಳಲಿಲ್ಲ, ವರ್ಷಪೂರ್ತಿ ಹಸಿರಾಗಿರುತ್ತದಾ ಎಂದೂ ಕೇಳಲಿಲ್ಲ. ದಾಸವಾಳದ ಮುಂದೆ ನಿಂತಳು.

"ಇದ ದನ ತಿಂತಾವಾ?"

"ತಿಂತಾವೆ ಕಣವ್ವ, ಅದೇ ತಾಪತ್ರಯ. ಚಿಗುರು ಬಂದಂಗೆಲ್ಲ ಮೇಯ್ದುಬುಡ್ತಾವೆ. ಬೇಲಿ ಆಗಾಕೆ ಬೋ ದಿನ ಬೇಕು."

"ತಿಂದ್ರೆ ಏನೂ ಆಗಾಕಿಲ್ವಾ?"

"ಏನೂ ಆಗಾಕಿಲ್ಲ."

"ಇದೇ ಕೊಡಿ," ಎಂದಳು ಅರ್ಪಿತ. ಅಪ್ಪ ಸಸಿಗಳನ್ನು ಎತ್ತಿ ಬೈಕಿನ ಮುಂದೆ ಇಟ್ಟುಕೊಂಡ.

ಸಂಜೆ ಸಸಿ ನೆಟ್ಟು ನೀರು ಹಾಕುತ್ತಿರುವಾಗಲೇ ಗದ್ದೆಯಿಂದ ಬಂದ ಗೌರಿ ಹಗ್ಗ ಜಗ್ಗಿ, ಗೇಟಿನ ಪಕ್ಕದ ಸಸಿಯ ತುದಿಯನ್ನು ಕಚಕ್ಕನೆ ಕಿತ್ತುಕೊಂಡಿತು. ಅಮ್ಮ ಗದರಲು ಕೈಯೆತ್ತಿದಳು. ಅರ್ಪಿತ ಆ ಕೈ ಹಿಡಿದುಕೊಂಡಳು. ಗೌರಿ ಅಗಿದು ನುಂಗುವವರೆಗೂ ನೋಡುತ್ತಾ ನಿಂತಳು.

ಬೆಳಿಗ್ಗೆ ಎದ್ದವಳು ಮುಖವನ್ನೂ ತೊಳೆಯದೆ ಕೊಟ್ಟಿಗೆಗೆ ಹೋದಳು. ಒಳಗೆ ಅಜ್ಜಿ ಕೆಮ್ಮುತ್ತಿದ್ದಳು. ಗೌರಿ ಎದ್ದು ನಿಂತು ಮೆಲುಕು ಹಾಕುತ್ತಿತ್ತು. ಅರ್ಪಿತ ಅದರ ಕಿವಿ ಮುಟ್ಟಿ ನೋಡಿದಳು. ಬೆಚ್ಚಗಿತ್ತು.