ಉಣ್ಣೆಯುಂಡೆಯೊಳಗೆ ಒಂದು ಹೂವು

ತಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲುವುದನ್ನು ಥೆಲ್ಮಾ ರೌನ್ಸ್ ಮೊದಲು ಗಮನಿಸಿದ್ದು ಜನವರಿಯ ಸಭೆಯಲ್ಲಿ. ಫೆನ್‌ಬಿ ತೋಟಗಾರರ ಸಂಘದವರೆಲ್ಲ ಚರ್ಚಿನ ಪಕ್ಕದ ಕೋಣೆಯಲ್ಲಿ ಒಂದು ಮೇಜಿಗೆ ಮುತ್ತಿಕೊಂಡಿದ್ದರು. ಮೇಜಿನ ಮೇಲೆ ಗ್ಲೆನಿಸ್ ಆಡ್‌ಕಾಕ್‌ಳ ಮಣ್ಣಿನ ಕುಂಡ, ಕುಂಡದ ತುಂಬ ಚಳಿಗಾಲದ ಕೊನೆಗೆ ತಲೆ ತಗ್ಗಿಸಿ ಅರಳುವ ಪುಟ್ಟ ಬಿಳಿ ಸ್ನೋಡ್ರಾಪ್ ಹೂಗಳು. ಒಬ್ಬೊಬ್ಬರೇ ಅದರ ಮೇಲೆ ಬಾಗಿ, ಪ್ರಾರ್ಥನೆಗೆ ನಿಂತವರಂತೆ ಕಣ್ಣು ಮುಚ್ಚಿ, ತಲೆಯಾಡಿಸುತ್ತ ಹಿಂದೆ ಸರಿಯುತ್ತಿದ್ದರು. "ನನ್ನ ಜನ್ಮದಲ್ಲೇ ಇಂಥದ್ದೊಂದು..." ಎನ್ನುತ್ತಿದ್ದ ಕಾರ್ಯದರ್ಶಿ ನಾರ್ಮನ್ ಪಿಂಚ್‌ಬೆಕ್ ಅವಳನ್ನು ಕಂಡು ಸುಮ್ಮನೆ ಕೆಮ್ಮಿದ. ಗ್ಲೆನಿಸ್ ಕುಂಡವನ್ನು ಎತ್ತಿ ದೂರದ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಬಾರೇ ಥೆಲ್ಮಾ, ಹೊರಗೆ ಏನು ಚಳಿ ಅಲ್ವೇನೇ? ಬಾ, ಟೀ ಕುಡಿ."

ಮುಚ್ಚಿಡುವಂಥದ್ದು ಏನಿದೆ ಎಂದು ಥೆಲ್ಮಾಗೆ ಗೊತ್ತಿತ್ತು. ಆ ಹೂವು ಹುಟ್ಟಿದ್ದು ಅವಳದೇ ತೋಟದಲ್ಲಿ. ಗಂಡ ಸಿರಿಲ್ ಸತ್ತ ಮೇಲೆ ಅವಳು ಮನೆ ಮಾರಿ ಪಟ್ಟಣದ ಫ್ಲ್ಯಾಟಿಗೆ ಬಂದಳು. ಕೊಂಡವರು ತೋಟಕ್ಕೆಲ್ಲ ಕಲ್ಲು ಹಾಸಿ ಕಾರು ನಿಲ್ಲಿಸುವವರಿದ್ದರು. "ಏನು ಬೇಕೋ ಅಗೆದುಕೊಂಡು ಹೋಗೇ, ನನಗೆ ನೋಡೋಕೂ ಆಗಲ್ಲ," ಎಂದು ಗ್ಲೆನಿಸ್‌ಗೆ ಹೇಳಿದವಳು ಅವಳೇ. ಶೆಡ್ಡಿನ ಹಿಂದೆ, ತುರಿಕೆ ಗಿಡಗಳ ನಡುವೆ, ಯಾರೂ ನೆಡದೆ ತಾನೇ ಹುಟ್ಟಿಕೊಂಡಿದ್ದ ಒಂದು ಗೆಡ್ಡೆ ಗ್ಲೆನಿಸ್‌ಳ ಬುಟ್ಟಿ ಸೇರಿತು. ಅದು ಅವಳ ಕೈಯಲ್ಲಿ ಮರಿ ಹಾಕಿ ಕುಂಡ ತುಂಬಿತು. ಒಂದು ದಿನ ಗ್ಲೆನಿಸ್ ಫೋನು ಮಾಡಿ, "ನಿಮ್ಮ ಸಿರಿಲ್‌ನ ಶೆಡ್ ಹಿಂದಿಂದು ಹೂ ಬಿಟ್ಟಿದೆ ಕಣೇ, ಅದರಲ್ಲೊಂದು ವಿಶೇಷ ಇದೆ..." ಎಂದು ಶುರುಮಾಡಿ ತಟ್ಟನೆ ನಿಲ್ಲಿಸಿದ್ದಳು.

"ಏನು ವಿಶೇಷ?"

"ಏನಿಲ್ಲ ಬಿಡು. ಚೆನ್ನಾಗಿದೆ ಅಂದೆ ಅಷ್ಟೆ."

ಅಂದಿನಿಂದ ಆ ಹೂವಿನ ಬಗ್ಗೆ ಥೆಲ್ಮಾಳ ಎದುರು ಯಾರೂ ಬಾಯಿ ಬಿಟ್ಟಿರಲಿಲ್ಲ. ಸಿರಿಲ್‌ನ ಹೆಸರನ್ನಂತೂ ಎತ್ತಿರಲಿಲ್ಲ. ಆ ಹೂವನ್ನು ಗ್ಲೆನಿಸ್ ತನ್ನದೆಂದೇ ಮೆರೆಸುತ್ತಿರುವುದು ತಪ್ಪೆಂದು ಗೊತ್ತಿದ್ದೇ ಎಲ್ಲರೂ ಹೀಗೆ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ ಎಂದು ಅವಳು ತೀರ್ಮಾನಿಸಿದಳು.

ಒಂದು ಗೆಡ್ಡೆ ಕೊಡು ಎಂದು ಕೇಳಬಹುದಿತ್ತು. ಕೇಳಲು ಎರಡು ಸಲ ಬಾಯಿವರೆಗೆ ಬಂದಿತ್ತು ಕೂಡ. ಆದರೆ ತನ್ನ ಕೈಯಾರೆ ಕೊಟ್ಟದ್ದನ್ನು ಮತ್ತೆ ಬೇಡುವುದೆಂದರೆ ಅವಳಿಗೆ ಮೈ ಕುಗ್ಗುತ್ತಿತ್ತು. ಬೇಡುವವಳು ತಲೆ ತಗ್ಗಿಸಿ ನಿಲ್ಲಬೇಕು, ಕೊಡುವವಳ ಮುಖ ನೋಡಬೇಕು, ಆಮೇಲೆ ವರ್ಷವಿಡೀ ಥ್ಯಾಂಕ್ಸ್ ಹೇಳುತ್ತಿರಬೇಕು. ಕದ್ದರೆ ಇದ್ಯಾವುದರ ತಾಪತ್ರಯವೂ ಇಲ್ಲ. ಈ ಯೋಚನೆ ಬಂದಾಗ ಅವಳು ಪಾತ್ರೆ ತೊಳೆಯುತ್ತಿದ್ದಳು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದರೂ ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು. ಆದರೆ ಪಾತ್ರೆಗಳನ್ನೆಲ್ಲ ಒರೆಸಿಡುವ ಹೊತ್ತಿಗೆ ಉಪಾಯ ಅರ್ಧ ಸಿದ್ಧವಾಗಿತ್ತು.

ಫೆಬ್ರವರಿ ಕೊನೆಯ ಶನಿವಾರ ದೂರದ ಇನ್ನೊಂದು ಪಟ್ಟಣದಲ್ಲಿ, ಹಿಂದೆ ಧಾನ್ಯದ ವ್ಯಾಪಾರ ನಡೆಯುತ್ತಿದ್ದ ಹಳೆಯ ಸಭಾಂಗಣದಲ್ಲಿ ವಸಂತದ ಗೆಡ್ಡೆಹೂಗಳ ಪ್ರದರ್ಶನ. ಸುತ್ತಲಿನ ಸಂಘಗಳೆಲ್ಲ ಬರುತ್ತವೆ. ಕುಂಡಗಳನ್ನು ಹಿಂದಿನ ದಿನವೇ ಸಾಲಾಗಿ ಜೋಡಿಸಿ, ಭಾನುವಾರ ಸಂಜೆಯವರೆಗೆ ಅಲ್ಲೇ ಬಿಡುತ್ತಾರೆ. ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ ಒಂದು ಭಾಷಣವಿರುತ್ತದೆ. ಹೊರಗೆ ಮಳೆಯೂ ಒಳಗೆ ಮೆತ್ತನೆಯ ಕುರ್ಚಿಗಳೂ ಇರುವುದರಿಂದ ಎಲ್ಲರೂ ಅತ್ತ ಹೋಗುತ್ತಾರೆ. ಆಗ ಸಭಾಂಗಣದಲ್ಲಿ ಉಳಿಯುವುದು ಟೀ ಬಟ್ಟಲು ಎತ್ತುವವರು ಮಾತ್ರ. ಥೆಲ್ಮಾ ಟೀ ಕೆಲಸಕ್ಕೆ ತಾನಾಗಿ ಹೆಸರು ಕೊಟ್ಟಳು. "ದೇವರು ಒಳ್ಳೇದು ಮಾಡ್ಲಿ ತಾಯೀ, ಆ ಕೆಲಸಕ್ಕೆ ಯಾರೂ ಸಿಗಲ್ಲ," ಎಂದ ನಾರ್ಮನ್.

ಗೆಡ್ಡೆ ಕೀಳುವುದು ಹೇಗೆಂದು ಅವಳು ಮನೆಯಲ್ಲೇ ಅಭ್ಯಾಸ ಮಾಡಿದಳು. ಅಂಗಡಿಯಿಂದ ಬೇರೆ ಯಾವುದೋ ಗೆಡ್ಡೆಹೂವಿನ ಕುಂಡ ತಂದಳು. ದಪ್ಪ ಹೆಣಿಗೆ ಕಡ್ಡಿಯನ್ನು ಗಿಡದ ಬುಡಕ್ಕೆ ಓರೆಯಾಗಿ ಇಳಿಸಿ ಮೀಟಿದರೆ ಸಾಕು, ಗೆಡ್ಡೆ ಎಲೆ ಹೂವುಗಳ ಸಮೇತ ಸಲೀಸಾಗಿ ಮೇಲೆ ಬರುತ್ತಿತ್ತು. ಆದ ತೂತಿಗೆ ಇನ್ನೊಂದು ಗಿಡ ತುರುಕಿ ಮೇಲೆ ಸಣ್ಣ ಜಲ್ಲಿ ಎಳೆದರೆ ಕುರುಹೇ ಇಲ್ಲ. ಸಾಗಿಸುವುದಕ್ಕೆ ಉಣ್ಣೆಯ ಉಂಡೆ. ಬೇಯಿಸಿದ ಮೊಟ್ಟೆ ನಿಲ್ಲಿಸುವ ಪುಟ್ಟ ಬಟ್ಟಲಿನ ಸುತ್ತ ಬಿಳಿ ಉಣ್ಣೆ ಸುತ್ತಿ, ಬಟ್ಟಲನ್ನು ಜಾರಿಸಿ ತೆಗೆದಳು. ನಡುವೆ ಒಂದು ಗೂಡು ಉಳಿಯಿತು. ಬಾಯಿಯ ಮೇಲೆ ನಾಲ್ಕು ಎಳೆ ಎಳೆದರೆ ಅದು ಬರೀ ಉಣ್ಣೆ. ಮುದುಕಿಯ ಹೆಣಿಗೆ ಚೀಲದೊಳಗೆ ಕೈ ಹಾಕಿ ನೋಡುವ ಗಂಡಸು ಇಡೀ ಲಿಂಕನ್‌ಶೈರ್ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದುಕೊಂಡು ಅವಳು ಒಬ್ಬಳೇ ನಕ್ಕಳು.

ಬದಲಿಗೆ ನೆಡಲು ಒಂದು ಸಾಧಾರಣ ಸ್ನೋಡ್ರಾಪ್ ಬೇಕಿತ್ತು. ಪಾರ್ಕಿನಲ್ಲಿ ಕಿತ್ತರೆ ಯಾರಾದರೂ ನೋಡಿಯಾರು. ಕೊನೆಗೆ ಶುಕ್ರವಾರ ಚರ್ಚಿನ ಹಿತ್ತಲಿಗೆ ಹೋಗಿ ಸಿರಿಲ್‌ನ ಸಮಾಧಿಯ ಅಂಚಿನಿಂದಲೇ ಒಂದನ್ನು ಎತ್ತಿಕೊಂಡಳು. ಅವನ ಕಲ್ಲಿನ ಕಡೆ ನೋಡಲಾಗಲಿಲ್ಲ. "ನಿನ್ನದನ್ನೇ ವಾಪಸ್ ತರ್ತಿದೀನಿ ಕಣೋ," ಎಂದಳು. ಬದುಕಿದ್ದರೆ ಅವನು ಏನನ್ನುತ್ತಿದ್ದನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. 'ಕೇಳಿದ್ರೆ ಗ್ಲೆನಿಸ್ ಕೊಡಲ್ಲ ಅಂತಿದ್ಲೇನೇ?' ಎನ್ನುತ್ತಿದ್ದ. ಅವಳು ಮಂಡಿಯ ಮಣ್ಣು ಕೊಡವಿಕೊಂಡು ಬೇಗ ಬೇಗ ಹೊರಬಂದಳು.

ಶನಿವಾರ ಸಂಘದ ವ್ಯಾನಿನಲ್ಲಿ ಹೊರಟರು. ಓಡಿಸುವವನು ನಾರ್ಮನ್, ಅವನ ಪಕ್ಕ ಮಾವಿಸ್ ಟಪ್, ಹಿಂದೆ ಗ್ಲೆನಿಸ್ ಮತ್ತು ಥೆಲ್ಮಾ. ರಸ್ತೆಯ ಎರಡೂ ಕಡೆ ಉತ್ತ ಕಪ್ಪು ಹೊಲ, ಕಾಲುವೆಗಳಲ್ಲಿ ಆಕಾಶದ ಬಣ್ಣದ ನೀರು. ಹೀಟರಿನ ಪಕ್ಕದ ಜಾಗವನ್ನು ಗ್ಲೆನಿಸ್ ಎಂದಿನಂತೆ ಥೆಲ್ಮಾಗೆ ಬಿಟ್ಟುಕೊಟ್ಟಳು. "ನಿನ್ನ ಮಂಡಿಗೆ ಒಳ್ಳೇದು, ಅಲ್ಲೇ ಕೂತ್ಕೋ." ಥೆಲ್ಮಾ ಕೂತಳು. ಇಂದೇ ಈ ಒಳ್ಳೆಯತನ ಬೇಕಿತ್ತೇ ಎನ್ನಿಸಿ ಸಿಟ್ಟು ಬಂತು.

ತೀರ್ಪುಗಾರರು ಮಧ್ಯಾಹ್ನದೊಳಗೆ ಕೆಲಸ ಮುಗಿಸಿದರು. ಗ್ಲೆನಿಸ್‌ಳ ಕುಂಡದ ಮುಂದೆ ಮೊದಲ ಬಹುಮಾನದ ಕೆಂಪು ಕಾರ್ಡು ನಿಂತಿತ್ತು. ಹೂವಿನ ಹೆಸರಿರಬೇಕಾದಲ್ಲಿ 'ಹೆಸರಿಡದ ತಳಿ' ಎಂದಷ್ಟೇ ಇತ್ತು. ಥೆಲ್ಮಾ ಮೊದಲ ಸಲ ಅದನ್ನು ಹತ್ತಿರದಿಂದ ನೋಡಿದಳು. ನಿಜ ಹೇಳಬೇಕೆಂದರೆ ಅವಳಿಗೆ ನಿರಾಸೆಯಾಯಿತು. ಪಕ್ಕದ ಕುಂಡಗಳಲ್ಲಿ ಹಳದಿ ತೊಟ್ಟಿನವು, ಹಸಿರು ತುದಿಯವು, ಲಂಗದಂತೆ ಮಡಿಕೆ ಮಡಿಕೆಯಾದವು ಇದ್ದವು. ಇದೋ ಒಂದು ಬಡಪಾಯಿ ಹೂವು. ಒಳದಳದ ಮೇಲೆ ಒದ್ದೆ ಬೆರಳಿನ ಗುರುತಿನಂಥ ಮಸುಕು ಹಸಿರು, ಅಷ್ಟೆ. ಇದರಲ್ಲಿ ಏನು ಕಂಡರು ಇವರು? ಏನೇ ಇರಲಿ, ಸಿರಿಲ್‌ನ ತೋಟದ ಮಣ್ಣಿನಲ್ಲಿ ಹುಟ್ಟಿದ್ದರಲ್ಲಿ ಈ ಲೋಕದಲ್ಲಿ ಉಳಿದಿರುವುದು ಇದೊಂದೇ. ಅವಳ ಬಾಲ್ಕನಿಯ ಪೆಟ್ಟಿಗೆಯಲ್ಲಿ ಅದು ಯಾರ ಕಣ್ಣಿಗೂ ಬೀಳದೆ ಅರಳಿದರೂ ಸಾಕು.

ಭಾಷಣ ಶುರುವಾಯಿತು. ಟರ್ಕಿಯ ಬೆಟ್ಟಗಳಲ್ಲಿ ಅಲೆದು ಬಂದವರೊಬ್ಬರದು. ಬಾಗಿಲು ಮುಚ್ಚಿತು. ಥೆಲ್ಮಾ ಹೆಣಿಗೆ ಚೀಲವನ್ನು ತೋಳಿಗೆ ನೇತುಹಾಕಿಕೊಂಡು, ಟ್ರೇ ಹಿಡಿದು ಸಾಲುಗಳ ನಡುವೆ ನಡೆದಳು. ಬಟ್ಟಲು ಎತ್ತುತ್ತ, ಒರೆಸುತ್ತ, ಕುಂಡದ ಎದುರು ನಿಂತಳು. ಕಡ್ಡಿ ಹೊರತೆಗೆಯಬೇಕು ಎನ್ನುವಾಗ ಹಿಂದೆ ಯಾರೋ ಉಸಿರೆಳೆದರು. ಬೇರೆ ಊರಿನ ಸಂಘದ ಹೆಂಗಸು, ಮರೆತುಹೋದ ಕನ್ನಡಕ ಹುಡುಕಿಕೊಂಡು ಬಂದಿದ್ದಳು.

"ಇದರ ಮುಂದೆ ಕಣ್ಣು ಮುಚ್ಚಿ ನಿಂತ್ರೆ ಬೇಸಿಗೆಯ ಜೂನ್ ತಿಂಗಳೇ ಬಂದ್ಬಿಡತ್ತೆ, ಅಲ್ವೇನ್ರೀ?" ಎಂದಳು.

"ಹೌದು ಹೌದು," ಎಂದಳು ಥೆಲ್ಮಾ. ಕಣ್ಣು ಮುಚ್ಚಿದರೆ ಹೂವು ಕಾಣುವುದಾದರೂ ಹೇಗೆ? ಪ್ರದರ್ಶನಗಳಿಗೆ ಬರುವವರಲ್ಲಿ ಅರ್ಧ ಜನ ಹೀಗೇ, ಕವಿತೆ ಮಾತಾಡುವವರು ಎಂದುಕೊಂಡಳು. ಹೆಂಗಸು ಕನ್ನಡಕ ಸಿಕ್ಕಿ ಹೊರಟುಹೋದಳು.

ಮುಂದಿನದು ಅಭ್ಯಾಸ ಮಾಡಿದ್ದಕ್ಕಿಂತ ಸುಲಭವಾಗಿತ್ತು. ಕುಂಡದ ಹಿಂಬದಿಯಲ್ಲಿ, ಗೋಡೆಯ ಕಡೆಗೆ ಮುಖ ಮಾಡಿದ್ದ ಗಿಡವೊಂದು ಕಡ್ಡಿಗೆ ಮೆಲ್ಲಗೆ ಒಪ್ಪಿಕೊಂಡು ಮೇಲೆ ಬಂತು. ಸಮಾಧಿಯ ಗಿಡ ಅದರ ಜಾಗದಲ್ಲಿ ನಿಂತಿತು. ಜಲ್ಲಿಯನ್ನು ಚಮಚದ ಬೆನ್ನಿನಿಂದ ಸವರಿದಳು. ಒದ್ದೆ ಪಾಚಿಯಲ್ಲಿ ಸುತ್ತಿದ ಗೆಡ್ಡೆ, ಬಾಗಿಸಿದ ಎಲೆ, ಹೂವು ಎಲ್ಲವೂ ಬಿಳಿ ಉಂಡೆಯೊಳಗೆ ಇಳಿದವು. ಹಿಂದೆ ಸರಿದು ನೋಡಿದಳು. ಆ ಕುಂಡವನ್ನು ಸಾಕಿದವಳೇ ಬಂದು ನೋಡಿದರೂ ಸಂಶಯ ಬರುವಂತಿರಲಿಲ್ಲ.

ಗೆದ್ದ ಖುಷಿ ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಅಡುಗೆ ಕೋಣೆಯ ಸಿಂಕಿನೆದುರು ನಿಂತು ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಿದ್ದಳು. ಭಾಷಣ ಮುಗಿದು ಗ್ಲೆನಿಸ್ ಅಲ್ಲಿಗೇ ಬಂದಳು.

"ಬೆಳಿಗ್ಗೆಯಿಂದ ನಿಂತೇ ಇದೀಯಲ್ಲೇ ಮಾರಾಯ್ತಿ. ಸರಿ ಆಚೆ, ನಾನು ತೊಳೀತೀನಿ. ನಿನಗೆ ಅಂತ ಕೇಕ್ ಎತ್ತಿಟ್ಟಿದೀನಿ ನೋಡು, ಆ ಮಾವಿಸ್ ತಿಂದುಬಿಡೋಳು."

"ಬೇಡ್ವೇ."

"ತಿನ್ನು ಸುಮ್ನೆ. ಮುಖ ನೋಡು ಹೇಗೆ ಬಿಳಿಚಿಕೊಂಡಿದೆ."

ಥೆಲ್ಮಾ ಕೇಕ್ ತಿಂದಳು. ಈಗಲೂ ಬಾಗಿಲಾಚೆ ಸಭಾಂಗಣ ಖಾಲಿ ಇರಬಹುದು, ಗೆಡ್ಡೆಯನ್ನು ಮತ್ತೆ ಇಟ್ಟುಬಿಡಬಹುದು ಎಂದು ಒಮ್ಮೆ ಅನ್ನಿಸಿತು. ಅಷ್ಟರಲ್ಲಿ ನಾರ್ಮನ್ ಬೀಗದ ಕೈ ಕುಲುಕಿಸುತ್ತ, "ಹೊರಡ್ರಮ್ಮಾ, ಕತ್ತಲಾಗೋದ್ರೊಳಗೆ ಊರು ಸೇರ್ಬೇಕು," ಎಂದ. ಕೋಟುಗಳನ್ನೆಲ್ಲ ಒಟ್ಟುಮಾಡಿ ವ್ಯಾನಿನ ಡಿಕ್ಕಿಗೆ ಹಾಕಿದ.

ವಾಪಸು ಬರುವಾಗ ಎಲ್ಲವೂ ಅವಳು ಎಣಿಸಿದಂತೆಯೇ ನಡೆಯಿತು. ಚೀಲ ಕಾಲ ಬಳಿ, ಹೀಟರಿನ ಪಕ್ಕದಲ್ಲಿತ್ತು. ಅದರಿಂದ ಬೂದು ಬಣ್ಣದ ಇನ್ನೊಂದು ಉಂಡೆ ತೆಗೆದು ಹೆಣಿಗೆ ಶುರುಮಾಡಿದಳು. ಕಡ್ಡಿಗಳು ಟಕಟಕ ಎನ್ನುತ್ತಿದ್ದಂತೆ ಎದೆ ಸ್ವಲ್ಪ ಹಗುರಾಯಿತು. ಒಂದೆರಡು ಊರು ದಾಟಿರಬೇಕು, ಮಾವಿಸ್ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದಳು.

"ಯಾರು ಜೇನಿನ ಬಾಟ್ಲಿ ತೆಗೆದಿರೋದು?"

"ಹೌದಲ್ವಾ? ನಂಗೂ ಬಂತು," ಎಂದ ನಾರ್ಮನ್. "ಆಹಾ!"

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಥೆಲ್ಮಾಗೆ ಈಗ ರೂಢಿಯಾಗಿತ್ತು. ಎಲ್ಲರೊಂದಿಗೆ ತಾನೂ ಒಮ್ಮೆ ಉಸಿರೆಳೆದು, "ಹೂಂ, ಘಮ್ಮಂತಿದೆ. ಕೇಕ್ ಡಬ್ಬಿಯದು ಇರ್ಬೇಕು," ಎಂದಳು.

ಪಕ್ಕದಲ್ಲಿ ತೂಕಡಿಸುತ್ತಿದ್ದ ಗ್ಲೆನಿಸ್ ಕಣ್ಣು ಬಿಟ್ಟಳು.

"ಎಲ್ಲಿ ಕೇಕು!" ನಾರ್ಮನ್ ನಕ್ಕ. "ಇದು ಗ್ಲೆನಿಸ್ ಹೂವಿನ ಪರಿಮಳ ಅಲ್ವೇ! ಜಗತ್ತಿನಲ್ಲಿ ಇನ್ಯಾವ ಸ್ನೋಡ್ರಾಪೂ ಹೀಗೆ ಕೋಣೆ ತುಂಬಲ್ಲ ಅಂತ ತೀರ್ಪುಗಾರರೇ ಹೇಳಿದ್ರಲ್ಲ. ಆದ್ರೆ ಕುಂಡ ಅಲ್ಲೇ ಬಿಟ್ಟು ಬಂದ್ವಿ, ಇಲ್ಲಿಗೆ ಹೇಗೆ..."

"ನಾರ್ಮನ್," ಎಂದಳು ಗ್ಲೆನಿಸ್.

"ಯಾಕೆ, ಏನಾಯ್ತೀಗ? ಥೆಲ್ಮಾ ಮುಂದೆ ಪರಿಮಳದ ಮಾತೇ ಎತ್ತಬೇಡಿ, ಪಾಪ, ನೊಂದ್ಕೋತಾಳೆ ಅಂತ ನೀನು ಹೇಳಿದ್ದೆ. ನಾವೆಲ್ಲ ಇಷ್ಟು ದಿನ ಬಾಯಿ ಹೊಲ್ಕೊಂಡೇ ಇದ್ವಿ. ಈಗ ಅವರೇ ಘಮ್ಮಂತಿದೆ ಅಂತಿದ್ದಾರಲ್ಲ!"

ಕಡ್ಡಿಗಳ ಟಕಟಕ ಯಾವಾಗ ನಿಂತಿತೋ ಥೆಲ್ಮಾಗೆ ತಿಳಿಯಲಿಲ್ಲ.

"ನನ್ನ ಕೋಟಿಂದು ನಾರ್ಮನ್," ಎಂದಳು ಗ್ಲೆನಿಸ್ ನಿಧಾನವಾಗಿ. "ನಿನ್ನೆಯೆಲ್ಲ ಕುಂಡ ಎತ್ಕೊಂಡು ಓಡಾಡಿದ್ನಲ್ಲ. ತೋಳಿಗೆ ಹತ್ಕೊಂಡಿದೆ. ನೀನು ರಸ್ತೆ ನೋಡಿ ಓಡ್ಸು." ಅವಳ ಮೈಮೇಲೆ ಕೋಟು ಇರಲಿಲ್ಲ.

ಕಣ್ಣುಗಳಿಂದ ತಪ್ಪಿಸಿಕೊಳ್ಳುವುದು ಹೇಗೆ, ಕೈಗಳಿಂದ ಹೇಗೆ, ಕುಂಡದ ತೂತು ಮುಚ್ಚುವುದು ಹೇಗೆ ಎಂಬುದನ್ನೆಲ್ಲ ಥೆಲ್ಮಾ ಯೋಚಿಸಿದ್ದಳು. ಮೂಗು ಎಂಬುದೊಂದಿದೆ ಎಂಬುದು ಮಾತ್ರ ಅವಳಿಗೆ ಮರೆತೇಹೋಗಿತ್ತು. ಊರಿಗೆಲ್ಲ ಕಾಯಿಲೆ ಬಡಿದಿದ್ದ ಚಳಿಗಾಲದಲ್ಲಿ ಬಂದ ಜ್ವರ ಅವಳ ಮೂಗಿನಿಂದ ವಾಸನೆ ಹಿಡಿಯುವ ಶಕ್ತಿಯನ್ನೇ ಒಯ್ದದ್ದು ಮತ್ತೆ ಕೊಟ್ಟಿರಲಿಲ್ಲ. ಟೀ, ಮಳೆ, ಸೋಪು ಎಲ್ಲ ಒಂದೇ ಆಗಿ, ಹೂವೆಂದರೆ ನೋಡುವ ವಸ್ತು ಎಂದೇ ಆಗಿಹೋಗಿತ್ತು. ಅದನ್ನು ಅವಳು ಹೇಳಿಕೊಂಡದ್ದು ಒಬ್ಬಳ ಹತ್ತಿರ ಮಾತ್ರ. ಸಿರಿಲ್‌ನ ತೋಟದ ಕೋಟಿಗೆ ಮುಖ ಒತ್ತಿ, ಅಲ್ಲಿ ಅವನ ವಾಸನೆಯೂ ಸಿಗದೆ ಗೋಳಾಡಿದ ಸಂಜೆ, ಗ್ಲೆನಿಸ್‌ಳ ಹೆಗಲ ಮೇಲೆ. ಈಗ ಗ್ಲೆನಿಸ್ ಅವಳ ಕಡೆ ನೋಡಲಿಲ್ಲ, ಚೀಲದ ಕಡೆಯೂ ನೋಡಲಿಲ್ಲ. ಸುಮ್ಮನೆ ಬಗ್ಗಿ, ಥೆಲ್ಮಾಳ ಕಾಲ ಬಳಿಯ ಹೀಟರನ್ನು ಆರಿಸಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದಳು: "ಬೆಚ್ಚಗಾದಷ್ಟೂ ಜಾಸ್ತಿಯಾಗತ್ತೆ ಕಣೇ ಅದು."