ಪಂಜರ ಮುಟ್ಟಿದ ಹನಿ

"ನಿಧಾನ... ಹಾಂ, ಹಾಗೇ. ಎಷ್ಟು ಚೆನ್ನಾಗಿ ಮಾಡ್ತೀರಿ ನೀವು!"

ಅವನು ಹೀಗೆ ಬೆಣ್ಣೆ ಹಚ್ಚುತ್ತಿದ್ದದ್ದು ನನಗಲ್ಲ, ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲುತ್ತಿದ್ದ ಗಗನಯಾತ್ರಿಗೆ. ಇಲ್ಲಿ ಕೆಳಗೆ, ಲ್ಯಾಬಿನಲ್ಲಿ ಅವನ ಪಕ್ಕದ ಕುರ್ಚಿಯಲ್ಲಿದ್ದ ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದರೂ ನನಗೆ ಅವನು ಹೇಳುವುದು "ಪಲ್ಸ್ ಕೊಡು", "ಕರೆಂಟ್ ಇಳಿಸು", ಅಷ್ಟೇ. ಲ್ಯಾಬಿನಲ್ಲಿ ನನ್ನನ್ನು ಕೆಂಡ ಎನ್ನುತ್ತಾರೆ. ಹೀಟರ್ ನೋಡಿಕೊಳ್ಳುವುದಕ್ಕೆ ಆ ಹೆಸರಂತೆ. ನಂಬಲು ನಾನೇನು ದಡ್ಡಿಯೇ?

ಪರದೆಯ ಮೇಲೆ ಅವನ ಮಿಶ್ರಲೋಹ ಕರಗಿ, ಗುಂಡಗೆ ತೇಲುತ್ತಿತ್ತು. ಭೂಮಿಯ ಮೇಲಾದರೆ ಪಾತ್ರೆ ಬೇಕು, ಪಾತ್ರೆ ತಾಗಿದರೆ ಲೋಹ ಕೆಡುತ್ತದೆ. ಅಲ್ಲಿ ತೂಕವೇ ಇಲ್ಲದಂತಿರುವುದರಿಂದ ತಾಮ್ರದ ಸುರುಳಿಯ ಸಣ್ಣ ಕಾಂತಬಲವೇ ಅದನ್ನು ಸುತ್ತಲಿನ ತಂತಿಯ ಪಂಜರಕ್ಕೆ ತಾಗದಂತೆ ನಡುವೆ ನಿಲ್ಲಿಸುತ್ತದೆ. ನಾನು ಇಲ್ಲಿಂದ ಪಲ್ಸ್, ಅಂದರೆ ಕರೆಂಟಿನ ಒಂದು ಚಿಕ್ಕ ಹೊಡೆತ, ಕೊಟ್ಟರೆ ಹನಿ ಅದುಮಿದಂತಾಗಿ, ಆಮೇಲೆ ನಡುಗುತ್ತದೆ. ಆ ನಡುಕ ಎಷ್ಟು ಬೇಗ ಅಡಗುತ್ತದೆ ಎಂಬುದರಿಂದ ಕರಗಿದ ಲೋಹ ಎಷ್ಟು ಮಂದವಾಗಿ ಹರಿಯುತ್ತದೆ ಎಂದು ಅವನು ಲೆಕ್ಕ ಹಾಕುತ್ತಾನೆ.

"ನಿಮ್ಮ ಧ್ವನಿ ಕೇಳಿದ್ರೆ ಸುಸ್ತೇ ಆಗಲ್ಲ," ಎಂದಳು ಮೇಲಿನವಳು.

ಅವನು ನಕ್ಕ. ಕೆನ್ನೆಯಲ್ಲಿ ಗುಳಿ ಬಿತ್ತು. ಆ ಗುಳಿ ನನ್ನದು ಅಂದುಕೊಂಡಿದ್ದೆ.

"ಕೆಂಡ, ಪಲ್ಸ್."

ಕೊಟ್ಟೆ. ಹೊಟ್ಟೆಯುರಿಯಲ್ಲಿ ಜಾಸ್ತಿಯೇ ಕೊಟ್ಟೆ. ಹನಿ ಚಪ್ಪಟೆಯಾಯಿತು, ಉದ್ದವಾಯಿತು, ಓಲಾಡುತ್ತ ಹೋಗಿ ಪಂಜರಕ್ಕೆ ಅಂಟಿ ಹೆಪ್ಪುಗಟ್ಟಿತು.

ಅವನು ವರ್ಷಗಟ್ಟಲೆ ಕಾದು ಮೇಲೆ ಕಳಿಸಿದ್ದೇ ಎರಡು ತುಣುಕು. ಇನ್ನು ಉಳಿದದ್ದು ಒಂದೇ.

ಅವನು ಬೈಯಲಿಲ್ಲ. "ಏನಾಯ್ತು ನಿಂಗೆ?" ಎಂದ, ಅಷ್ಟೇ.

"ಬೇರೆ ಯಾರನ್ನಾದ್ರೂ ಕೂರಿಸ್ಕೋ. ನೀನು ಅವಳ ಹತ್ರ ಹಾಗೆ ಮಾತಾಡ್ತಿದ್ರೆ ನನ್ನ ಕೈ ನಿಲ್ಲಲ್ಲ."

"ಅವರು ಮೊದಲ ಸಲ ಮಾಡ್ತಿದಾರೆ, ಧೈರ್ಯ ಹೇಳ್ಬೇಕು. ನಿನ್ನ ಕೈ ಮೇಲೆ ನಂಗೆ ನಂಬಿಕೆ ಇದೆಯಲ್ಲ?"

"ನಿನ್ನ ನಂಬಿಕೆ ಇಟ್ಕೊಂಡು ನಾನೇನು ಮಾಡ್ಲಿ? ನಂಗೂ ಒಂದು ಒಳ್ಳೆ ಮಾತು ಬೇಕು. ನಂಗೆ ನೀನು ಬೇಕು ಕಣೋ!"

ಅವನ ಕಿವಿ ಕೆಂಪಾಯಿತು. "ಬಾಯಿ ಬಿಟ್ರೆ ನಂಗೂ ಅದೇ ಬಂದ್ಬಿಡುತ್ತೆ. ಅದಕ್ಕೇ ನಿನ್ನ ಮುಂದೆ ಕರೆಂಟು, ಪಲ್ಸು ಅಂತ ಒದ್ದಾಡ್ತೀನಿ."

ನಾನು ಏನೋ ಹೇಳಹೊರಟೆ. ಅಷ್ಟರಲ್ಲಿ ಸ್ಪೀಕರ್ ಕೆಮ್ಮಿತು.

"ಕೆಳಗಿನವರೇ, ಲೈನ್ ಆನ್ ಇದೆ. ಎರಡನೇ ತುಣುಕು ಹಾಕಿದೀನಿ. ಈ ಸಲ ಅವರಿಗೇ ಧೈರ್ಯ ಹೇಳಿ ಸರ್, ನಂಗೆ ಸಾಕು."

ನಾಚಿಕೆಯಿಂದ ನಾನು ಮೇಜಿನ ಕೆಳಗೆ ಅಡಗುವುದೊಂದು ಬಾಕಿ. ಆದರೆ ಪರದೆಯಲ್ಲಿ ಹೊಸ ಲೋಹ ಕೆಂಪಗಾಗಿ, ಕರಗಿ, ಗುಂಡಗಾಗುತ್ತಿತ್ತು. ಇನ್ನೊಬ್ಬರನ್ನು ಕರೆಸಲು ಅವನಿಗೆ ಆಗಲೂ ಸಮಯವಿತ್ತು. ಅವನು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ.

"ನಿಧಾನ," ಎಂದ ನನ್ನ ಕಿವಿಯ ಬಳಿ. "ಹಾಂ, ಹಾಗೇ. ಎಷ್ಟು ಚೆನ್ನಾಗಿ ಮಾಡ್ತೀಯ ನೀನು."

ಪಲ್ಸ್ ಕೊಟ್ಟೆ. ಹನಿ ನಡುಗಿತು, ನಡುಗುತ್ತಲೇ ನಡುವೆ ಉಳಿಯಿತು, ಮೆಲ್ಲಗೆ ಸುಮ್ಮನಾಯಿತು. ಅದು ಯಾವುದನ್ನೂ ಮುಟ್ಟಲಿಲ್ಲ. ಅವನು ಮಾತ್ರ ನನ್ನ ಇನ್ನೊಂದು ಕೈ ಹಿಡಿದಿದ್ದ.